ಯಾರ ಪಾಲಿಗೆ ದುರ್ಬಲ?

ಅಮೆರಿಕದ ಮೊದಲ ಸಂವಿಧಾನ ದುರ್ಬಲವಾಗಿತ್ತು ಅಂತ ನಾವೆಲ್ಲ ಬಿ.ಎ. ಪರೀಕ್ಷೆಗೆ ಉರು ಹೊಡೆದವರೇ. ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಿಲ್ಲ, ವ್ಯಾಪಾರದ ಮೇಲೆ ಹಿಡಿತವಿಲ್ಲ, ರಾಷ್ಟ್ರದ ನ್ಯಾಯಾಲಯವಿಲ್ಲ. ಬರೆದೆವು, ಅಂಕ ತಗೊಂಡೆವು. ದುರ್ಬಲ ಅಂದರೆ ಯಾರ ಪಾಲಿಗೆ ದುರ್ಬಲ ಅಂತ ಮಾತ್ರ ಯಾರೂ ಕೇಳಲಿಲ್ಲ, ನಾವೂ ಕೇಳಲಿಲ್ಲ.

ಬ್ರಿಟಿಷರ ಮೇಲಿನ ಯುದ್ಧ ನಡೆಯುತ್ತಿರುವಾಗಲೇ, 1777ರ ನವೆಂಬರಿನಲ್ಲಿ, ಕಾಂಗ್ರೆಸ್ಸು ಎಂಬ ರಾಜ್ಯಗಳ ಸಭೆ 'ಆರ್ಟಿಕಲ್ಸ್ ಆಫ್ ಕಾನ್ಫೆಡರೇಶನ್' ಎಂಬ ಈ ಕಟ್ಟಳೆಯನ್ನು ಒಪ್ಪಿತು. ಜಾರಿಗೆ ಬಂದದ್ದು 1781ರ ಮಾರ್ಚಿನಲ್ಲಿ. ರಾಜ್ಯ ದೊಡ್ಡದಿರಲಿ ಚಿಕ್ಕದಿರಲಿ ಒಂದೇ ಓಟು. ದೊಡ್ಡ ತೀರ್ಮಾನಕ್ಕೆ ಒಂಬತ್ತು ರಾಜ್ಯ ಬೇಕು, ತಿದ್ದುಪಡಿಗೆ ಹದಿಮೂರೂ ಬೇಕು. ಆಮದಿನ ಮೇಲೆ ನೂರಕ್ಕೆ ಐದರ ಸುಂಕ ಹಾಕ್ತೀವಿ ಅಂತ ಕಾಂಗ್ರೆಸ್ಸು ಕೇಳಿದರೆ 1782ರಲ್ಲಿ ರೋಡ್ ಐಲ್ಯಾಂಡ್ ಎಂಬ ಅಂಗೈಯಗಲದ ರಾಜ್ಯ ಆಗಲ್ಲ ಅಂತು, ಅಲ್ಲಿಗೆ ಮುಗೀತು. ಸಂಬಳ ಕಾಣದ ಸಿಪಾಯಿಗಳು 1783ರ ಜೂನಿನಲ್ಲಿ ಫಿಲಡೆಲ್ಫಿಯಾದ ಸಭಾಭವನವನ್ನೇ ಮುತ್ತಿದಾಗ ಕಾಂಗ್ರೆಸ್ಸು ಊರು ಬಿಟ್ಟು ಪ್ರಿನ್ಸ್‌ಟನ್ನಿಗೆ ಹೋಯಿತು. ಇದೆಲ್ಲ ದೌರ್ಬಲ್ಯವೇ, ಅಲ್ಲ ಅನ್ನೋರು ಯಾರು?

ಆದರೆ ಆ ಕಟ್ಟಳೆಯ ನಾಲ್ಕನೇ ಕಲಮನ್ನು ಓದಿ. ಒಂದು ರಾಜ್ಯದ ಸ್ವತಂತ್ರ ನಿವಾಸಿಗೆ ಉಳಿದ ರಾಜ್ಯಗಳಲ್ಲೂ ಪೌರನ ಹಕ್ಕುಂಟು ಅನ್ನುತ್ತೆ. ಅದೇ ಉಸಿರಿನಲ್ಲಿ ಮೂವರನ್ನು ಹೊರಗಿಡುತ್ತೆ: ಗತಿಗೆಟ್ಟ ಬಡವರು, ಅಲೆಮಾರಿಗಳು, ಕಾನೂನಿಗೆ ತಲೆತಪ್ಪಿಸಿಕೊಂಡವರು. ಬಡವನನ್ನೂ ಕಳ್ಳನನ್ನೂ ಒಂದೇ ಸಾಲಿನಲ್ಲಿ ಕೂರಿಸಿದರು. 'ಸ್ವತಂತ್ರ' ಅನ್ನೋ ಪದದಲ್ಲೇ ಗುಲಾಮರು ಆಚೆ ಬಿದ್ದಿದ್ದರು. ಸಾಲದ್ದಕ್ಕೆ 1778ರಲ್ಲಿ ದಕ್ಷಿಣ ಕೆರೊಲಿನಾದವರು 'ಬಿಳಿಯ' ಅನ್ನೋದನ್ನೂ ಸೇರಿಸಿ ಅಂದರು. ಎಂಟು ರಾಜ್ಯಗಳು ವಿರೋಧಿಸಿದ್ದರಿಂದ ಅದು ಬಿತ್ತು. ಬಡವರು ಮಾತ್ರ ಹೊರಗೇ ಉಳಿದರು. ಈ ಕೆಲಸಕ್ಕೆ ಆ ಸಂವಿಧಾನದ ಕೈಯಲ್ಲಿ ಬೇಕಾದಷ್ಟು ಬಲವಿತ್ತು!

ಇನ್ನು ಮೆಸಾಚುಸೆಟ್ಸಿನ ಪಶ್ಚಿಮದ ರೈತರ ಮಾತು. ಯುದ್ಧ ಮಾಡಿದವರಿಗೆ ಕಾಸಿನ ಬದಲು ಸಾಲದ ಚೀಟಿ ಕೊಟ್ಟಿದ್ದರು. ಮನೆ ನಡೆಯದೆ ಎಷ್ಟೋ ಜನ ಅದನ್ನು ಸಿಕ್ಕಷ್ಟಕ್ಕೆ ಮಾರಿಕೊಂಡರು. ಕೊಂಡವರು ದುಡ್ಡಿದ್ದವರು. ಆಮೇಲೆ ಆ ಚೀಟಿಗಳ ಬಡ್ಡಿ ತೀರಿಸಲಿಕ್ಕೆ ರಾಜ್ಯ ಸರ್ಕಾರ ತೆರಿಗೆ ಹೇರಿತು, ಅದೂ ಬಹುಪಾಲು ಬೆಳ್ಳಿಬಂಗಾರದ ನಾಣ್ಯದಲ್ಲೇ ಕೊಡಬೇಕು ಅಂತ. ಚೀಟಿ ಮಾರಿದವನೇ ಅದರ ಬಡ್ಡಿಯನ್ನೂ ಕಟ್ಟಬೇಕು, ಹೆಂಗಿದೆ ನೋಡಿ. ಕಟ್ಟದವನ ದನ, ನೆಲ ಜಪ್ತಿ. ಸಾಲ ತೀರಿಸದವನಿಗೆ ಜೈಲು. ತೆರಿಗೆ ಇಳಿಸಿ, ಕಾಗದದ ನೋಟು ಹೊರಡಿಸಿ ಅಂತ ಅರ್ಜಿ ಬರೆದು ಬರೆದು ಸೋತವರು 1786ರ ಆಗಸ್ಟ್ 29ರಂದು ನಾರ್ತ್ಯಾಂಪ್ಟನ್ನಿನ ಕೋರ್ಟಿನ ಮುಂದೆ ಬಂದು ನಿಂತರು. ಸುಮಾರು 1,500 ಜನ. ಕೋರ್ಟೇ ನಡೆಯದಿದ್ದರೆ ಜಪ್ತಿಯ ಹುಕುಂ ಎಲ್ಲಿಂದ ಬಂದೀತು? ಮುಂದೆ ಈ ಬಂಡಾಯಕ್ಕೆ ಡೇನಿಯಲ್ ಶೇಸ್‌ನ ಹೆಸರು ಬಂತು. ಅವನೂ ರೈತ, ಬಂಕರ್ ಹಿಲ್ಲಿನಲ್ಲೂ ಸಾರಟೋಗದಲ್ಲೂ ಕಾದಾಡಿದ ಕ್ಯಾಪ್ಟನ್.

ಇಲ್ಲಿ ನಾವು ನಿಂತು ನೋಡಬೇಕಾದ ಇಬ್ಬರಿದ್ದಾರೆ. ಮೋಸೆಸ್ ಸ್ಯಾಶ್ ಕಪ್ಪು ಕೂಲಿಗಾರ, ಹಳೆಯ ಸಿಪಾಯಿ; ಶೇಸ್‌ನ ಜೊತೆ ನಿಂತ ಅಂತ ಅವನ ಮೇಲೆ ಕೇಸು ಬಿತ್ತು. ಇತ್ತ ಬಾಸ್ಟನ್ನಿನ ಕಪ್ಪು ಜನರ ಮುಖಂಡ ಪ್ರಿನ್ಸ್ ಹಾಲ್, ಬಂಡಾಯ ಅಡಗಿಸಲು 700 ಜನ ಬರ್ತೀವಿ ಅಂತ ಗವರ್ನರ್ ಬೋಡಿನ್‌ಗೆ ಕಾಗದ ಬರೆದ. ಗವರ್ನರ್ ಒಲ್ಲೆ ಅಂದ. 1787ರ ಜನವರಿಯಲ್ಲಿ ಇದೇ ಹಾಲ್ ಮತ್ತು ಸಂಗಡಿಗರು ನಮ್ಮನ್ನು ಆಫ್ರಿಕಕ್ಕೆ ಕಳಿಸಿಕೊಡಿ ಅಂತ ಶಾಸನಸಭೆಗೆ ಅರ್ಜಿ ಹಾಕಿದರು. ಹಾಲ್‌ನನ್ನು ದ್ರೋಹಿ ಅಂತ ಬೈಯೋದು ಸುಲಭ, ನಾವು ಬೈಯೋದಿಲ್ಲ. ಆ ರೈತರ ಬೇಡಿಕೆಯಲ್ಲಿ ಸಾಲ ಇತ್ತು, ತೆರಿಗೆ ಇತ್ತು, ಕೋರ್ಟಿನ ಖರ್ಚು ಇತ್ತು. ಕಪ್ಪು ಜನರ ಪಾಡು ಬೇಡಿಕೆಯಾಗಿರಲಿಲ್ಲ.

ಬಂಡಾಯ ತುಳಿಯಲು ಕಾಂಗ್ರೆಸ್ಸಿನ ಹತ್ತಿರ ದುಡ್ಡಿಲ್ಲ, ಪಡೆಯಿಲ್ಲ. ಬಾಸ್ಟನ್ನಿನ ವರ್ತಕರು ತಾವೇ ಚಂದಾ ಎತ್ತಿ ಜನರಲ್ ಲಿಂಕನ್ನನ ಕೈಗೆ ಸೈನ್ಯ ಕೊಟ್ಟರು. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರ ಕಾಯುತ್ತಿದ್ದ ಪಡೆ ಫಿರಂಗಿ ಹಾರಿಸಿತು, ನಾಲ್ವರು ರೈತರು ಸತ್ತರು. ಫೆಬ್ರವರಿಯಲ್ಲಿ ಲಿಂಕನ್ ಹಿಮದ ರಾತ್ರಿಯಲ್ಲಿ ನಡೆದುಬಂದು ಉಳಿದವರನ್ನು ಚದುರಿಸಿದ. ಇವರು ಎಲ್ಲರ ಆಸ್ತಿಯನ್ನೂ ಸಮನಾಗಿ ಹಂಚಿಕೊಳ್ಳೋಕೆ ಹೊರಟಿದ್ದಾರೆ ಅಂತ ಯುದ್ಧ ಕಾರ್ಯದರ್ಶಿ ಹೆನ್ರಿ ನಾಕ್ಸ್ ವಾಷಿಂಗ್ಟನ್ನನಿಗೆ ಮೊದಲೇ ಬರೆದಿದ್ದ. ಅವರು ಕೇಳಿದ್ದು ತಮ್ಮ ದನ, ತಮ್ಮ ನೆಲ ಉಳಿಸಿ ಅಂತ ಅಷ್ಟೆ. ಕಟ್ಟಳೆ ತಿದ್ದುವ ಮಾತು ಇದಕ್ಕೂ ಮುಂಚೆಯೇ ಇತ್ತು, ನಿಜ. ಈ ಭಯ ಅದಕ್ಕೆ ಅವಸರ ತಂತು.

1787ರ ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ಫಿಲಡೆಲ್ಫಿಯಾದಲ್ಲಿ 55 ಜನ ಬಾಗಿಲು ಹಾಕಿಕೊಂಡು ಕೂತರು. ಹೊಸ ಸಂವಿಧಾನ ಬಂತು. ರಾಜ್ಯಗಳು ಕಾಗದದ ನೋಟು ಹೊರಡಿಸಕೂಡದು. ಸಾಲದ ಕರಾರನ್ನು ಸಡಿಲಿಸುವ ಕಾನೂನು ಮಾಡಕೂಡದು. ದಂಗೆ ಅಡಗಿಸಲು ಕೇಂದ್ರ ಪಡೆ ಕರೆಸಬಹುದು. ಹಳೆಯ ಕಟ್ಟಳೆಯಲ್ಲಿ ಇಲ್ಲದ ಇನ್ನೊಂದನ್ನೂ ಸೇರಿಸಿದರು: ಓಡಿಹೋದ ಗುಲಾಮ ಯಾವ ರಾಜ್ಯದಲ್ಲಿ ಸಿಕ್ಕರೂ ಮಾಲೀಕನಿಗೆ ಒಪ್ಪಿಸಬೇಕು. ಸೀಟುಗಳ ಲೆಕ್ಕಕ್ಕೆ ಐವರು ಗುಲಾಮರು ಅಂದರೆ ಮೂರು ತಲೆ; ಓಟು ಅವರಿಗಿಲ್ಲ, ಸೀಟು ಮಾಲೀಕರಿಗೆ. ಇಷ್ಟೆಲ್ಲ ಬರೆದರೂ 'ಗುಲಾಮ' ಅನ್ನೋ ಪದ ಬಾರದ ಹಾಗೆ ನೋಡಿಕೊಂಡರು. ಎಂಥ ಮಡಿ!

1790ರಲ್ಲಿ ಹೊಸ ಸರ್ಕಾರ ಹಳೆಯ ಚೀಟಿಗಳನ್ನು ಈಗ ಹಿಡಿದಿರುವವರಿಗೇ ಮುಖಬೆಲೆಯ ಲೆಕ್ಕದಲ್ಲಿ ಮಾನ್ಯ ಮಾಡಿತು. ಮೊದಲು ಪಡೆದ ಸಿಪಾಯಿಗೂ ಒಂದು ಪಾಲು ಕೊಡಿ ಅಂತ ಮ್ಯಾಡಿಸನ್ ಕೇಳಿದ, ಸಭೆ ಒಪ್ಪಲಿಲ್ಲ. 1794ರಲ್ಲಿ ವಿಸ್ಕಿ ತೆರಿಗೆ ಕೊಡೆವು ಅಂತ ಪೆನ್ಸಿಲ್ವೇನಿಯದ ಪಶ್ಚಿಮದ ರೈತರು ಎದ್ದಾಗ ಅಧ್ಯಕ್ಷ ವಾಷಿಂಗ್ಟನ್ ಸುಮಾರು 13,000 ಜನರ ಪಡೆ ಹೊರಡಿಸಿದ. ಈ ಸಲ ಸಾಹುಕಾರರು ಚಂದಾ ಎತ್ತಬೇಕಾಗಲಿಲ್ಲ.