ಸಾವಿನ ಸುದ್ದಿ ಹೇಳುವವರು ಯಾರು? ಬೀದರ ಸೀಮೆಯಲ್ಲಿ ಕೊನೆಗಾಲದ ಆರೈಕೆಯ ಚರಿತ್ರೆ

ಬೀದರ, ಭಾಲ್ಕಿ, ಔರಾದ ಕಡೆಯ ದವಾಖಾನೆಗಳಲ್ಲಿ ಇನ್ನು ಚಿಕಿತ್ಸೆ ಫಲಿಸದು ಎಂದಾದಾಗ ವೈದ್ಯರ ಬಾಯಿಂದ ಬರುವ ಮಾತು ಬಹುಮಟ್ಟಿಗೆ ಒಂದೇ: “ಮನಿಗಿ ಒಯ್ರಿ, ಸೇವಾ ಮಾಡ್ರಿ, ಏನ್ ಬೇಡ್ತಾರ ಅದು ಉಣಸ್ರಿ.” ಮಗನಿಗೆ ತಿಳಿಯುತ್ತದೆ, ಅಳಿಯನಿಗೆ ತಿಳಿಯುತ್ತದೆ. ಮಂಚದ ಮೇಲಿನ ತಾಯಿ “ಡಾಕ್ಟರ್ ಸಾಬ್ರು ಏನಂದ್ರು?” ಎಂದು ಕೇಳಿದರೆ “ಆರಾಮ ಆಗ್ತದ ಅಂದಾರ, ಯವ್ವಾ” ಎಂಬ ಉತ್ತರ ಬರುತ್ತದೆ. ಸಾಯುವವರಿಗೆ ಸಾವಿನ ಸುದ್ದಿ ಹೇಳದಿರುವುದೇ ನಮ್ಮ ಸಂಸ್ಕೃತಿ ಎಂದು ವೈದ್ಯರೂ ಮನೆಯವರೂ ನಂಬಿದ್ದಾರೆ. ಈ ಸೀಮೆಯ ಚರಿತ್ರೆಯನ್ನು ನೋಡಿದರೆ ಆ ನಂಬಿಕೆ ಅರ್ಧ ಮಾತ್ರ ನಿಜ ಎಂಬುದು ನನ್ನ ವಾದ.

ಬೀದರಿನಲ್ಲಿ ಆಸ್ಪತ್ರೆಯ ಚರಿತ್ರೆ ಬಹಮನಿ ಕಾಲದಷ್ಟು ಹಳೆಯದು. 1436ರಿಂದ 1458ರವರೆಗೆ ಆಳಿದ ಎರಡನೇ ಅಲಾವುದ್ದೀನ್ ಅಹಮದ್ ಇಲ್ಲಿ ದೊಡ್ಡ ದಾರುಲ್‌ಶಿಫಾ ಕಟ್ಟಿಸಿದನೆಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ರೋಗಿಗಳ ಔಷಧ ಮತ್ತು ಆಹಾರದ ವೆಚ್ಚಕ್ಕೆ ಹಳ್ಳಿಗಳ ಉತ್ಪನ್ನವನ್ನು ಬಿಟ್ಟುಕೊಡಲಾಗಿತ್ತು. ಮುಸ್ಲಿಂ ಹಕೀಮರ ಜೊತೆಗೆ ಹಿಂದೂ ವೈದ್ಯರನ್ನೂ ನೇಮಿಸಲಾಗಿತ್ತು. ಎರಡು ವೈದ್ಯ ಪದ್ಧತಿಗಳು ಒಂದೇ ಸೂರಿನಡಿ ಇದ್ದವು ಎಂಬುದು ಸಣ್ಣ ಸಂಗತಿಯಲ್ಲ. ಗುಣವಾಗದ ರೋಗಿಯ ಮುಂದೆ ಅವರು ಹೇಗೆ ನಡೆದುಕೊಳ್ಳಬೇಕಿತ್ತು ಎಂಬುದಕ್ಕೆ ಅವರ ಶಾಸ್ತ್ರಗಳನ್ನೇ ನೋಡಬೇಕು. ಚರಕ ಸಂಹಿತೆಯ ಇಂದ್ರಿಯಸ್ಥಾನ ಸಾವಿನ ಲಕ್ಷಣಗಳನ್ನು ವಿವರವಾಗಿ ಕಲಿಸುತ್ತದೆ. ಕೊನೆಯಲ್ಲಿ, ಕೇಳದೆ ಹೇಳಬೇಡ, ಕೇಳಿದರೂ ರೋಗಿಗೋ ಇನ್ನೊಬ್ಬರಿಗೋ ಆಘಾತವಾಗುವುದಾದರೆ ಹೇಳಬೇಡ ಎಂದು ವೈದ್ಯನಿಗೆ ತಾಕೀತು ಮಾಡುತ್ತದೆ. ವೈದ್ಯನ ಮೌನಕ್ಕೆ ಶಾಸ್ತ್ರದ ಬೆಂಬಲವಿತ್ತು. ನನ್ನ ವಾದಕ್ಕೆ ಎದುರಾಗುವ ಬಲವಾದ ಸಾಕ್ಷ್ಯ ಇದೇ ಆದ್ದರಿಂದ ಮೊದಲೇ ಮುಂದಿಟ್ಟಿದ್ದೇನೆ.

ಆದರೆ ರೋಗಿಯ ಬಳಿ ಬರುತ್ತಿದ್ದವನು ವೈದ್ಯ ಒಬ್ಬನೇ ಅಲ್ಲ. ಲಿಂಗಾಯತರಲ್ಲಿ ವಿಭೂತಿ ವೀಳ್ಯ ಎಂಬ ಆಚರಣೆಯಿತ್ತು. 20ನೇ ಶತಮಾನದ ಆರಂಭದಲ್ಲಿ ಬ್ರಿಟಿಷ್ ಅಧಿಕಾರಿ ಎನ್ಥೋವನ್ ಅದನ್ನು ವಿವರಿಸಿ ಬರೆದಿದ್ದಾರೆ. ಕೊನೆಗಾಲ ಹತ್ತಿರ ಬಂದವರಿಗೆ ಸ್ನಾನ ಮಾಡಿಸಿ, ಪ್ರಸಾದ ಕೊಟ್ಟು, ವಿಭೂತಿ ಹಚ್ಚುತ್ತಿದ್ದರು. ನೆರೆದ ಜಂಗಮರಿಗೆ ವಿಭೂತಿ, ರುದ್ರಾಕ್ಷಿ, ದಕ್ಷಿಣೆ, ತಾಂಬೂಲ ಸಲ್ಲುತ್ತಿದ್ದವು. ದಕ್ಷಿಣೆಯ ಭಾರ ಬಡವರಿಗೆ ಎಟುಕುವಂಥದ್ದಲ್ಲ, ಅದನ್ನು ಮರೆಯಬಾರದು. ಆದರೂ ಇಲ್ಲಿ ಗಮನಿಸಬೇಕಾದ್ದೊಂದಿದೆ. ಈ ದಾನವನ್ನು ಕೊಡುವವರು ಸಾಯುತ್ತಿರುವವರೇ. ತಾನು ಹೊರಟಿದ್ದೇನೆಂದು ತಿಳಿಯದವರಿಗೆ ಅದನ್ನು ನಡೆಸಲು ಆಗುತ್ತಿರಲಿಲ್ಲ. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಇದೇ ಸೀಮೆಯಲ್ಲಿ ವಚನನಿಷ್ಠೆಯನ್ನು ಬೆಳೆಸಿದವರು. ಆ ನಿಷ್ಠೆಯ ಮನೆಗಳಲ್ಲೂ ಲಿಂಗೈಕ್ಯ ಎಂಬುದು ಅವಿತಿಟ್ಟು ಆಡುವ ಮಾತಲ್ಲ.

ಮುಸ್ಲಿಂ ಮನೆಗಳಲ್ಲಿ ಯಾಸೀನ್ ಓದುವುದು, ಕಲಿಮಾ ನೆನಪಿಸುವುದು ಇದ್ದದ್ದೇ. ಅದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಕಾನೂನಿನಲ್ಲಿದೆ. ಮರಣ ರೋಗದಲ್ಲಿ, ಅಂದರೆ ಮರ್ಜ್-ಉಲ್-ಮೌತ್‌ನಲ್ಲಿ ಕೊಟ್ಟ ದಾನಕ್ಕೆ ಉಯಿಲಿಗೆ (ವಸಿಯತ್) ಇರುವಂತೆಯೇ ಆಸ್ತಿಯ ಮೂರನೇ ಒಂದು ಭಾಗದ ಮಿತಿ ಅನ್ವಯಿಸುತ್ತದೆ. ದಾನವನ್ನು ಹಾಗೆ ಪರಿಗಣಿಸಲು ಕೊಡುವವನ ಮನಸ್ಸಿನಲ್ಲೇ ಸಾವಿನ ಶಂಕೆ ಇತ್ತೇ ಎಂಬುದನ್ನು ನ್ಯಾಯಾಲಯಗಳು ನೋಡುತ್ತ ಬಂದಿವೆ. ರೋಗಿಗೆ ತನ್ನ ಸ್ಥಿತಿ ಗೊತ್ತಿರುತ್ತದೆ ಎಂಬ ಸಾಮಾಜಿಕ ಅನುಭವವಿಲ್ಲದೆ ಇಂಥ ನಿಯಮ ಹುಟ್ಟುವುದಿಲ್ಲ. ಮರಾಠಿ ಬಲ್ಲ ಔರಾದ ಭಾಗದ ವಾರಕರಿ ಮನೆಗಳಲ್ಲಿ ಭಜನೆ, ಬಾಯಿಗೆ ತುಳಸಿ ನೀರು. ಅಲ್ಲೂ ಸಾವು ಮನೆಮಂದಿಯ ನಡುವೆಯೇ ನಡೆಯುವ ಸಂಗತಿ.

ಹೀಗೆ ಕೆಲಸ ಹಂಚಿಹೋಗಿತ್ತು. ವೈದ್ಯ ಸುಮ್ಮನಿರಬಹುದಿತ್ತು, ಏಕೆಂದರೆ ಮಾತಾಡಲು ಜಂಗಮರಿದ್ದರು, ಮೌಲ್ವಿಗಳಿದ್ದರು, ಹಿರಿಯರಿದ್ದರು. ಆಧುನಿಕ ಆಸ್ಪತ್ರೆ ವೈದ್ಯನ ಮೌನವನ್ನು ಉಳಿಸಿಕೊಂಡು ಮಾತಾಡುವವರನ್ನು ಗೇಟಿನ ಹೊರಗೆ ನಿಲ್ಲಿಸಿತು. ನಿಜಾಮರ ಕಾಲದ ದವಾಖಾನೆಗಳ ಬಳಿಕ 1956ರ ಏಕೀಕರಣದ ನಂತರದ ಸರ್ಕಾರಿ ಆಸ್ಪತ್ರೆಗಳು ಬಂದವು, 2007ರಲ್ಲಿ ಬೀದರಿನ ವೈದ್ಯಕೀಯ ಕಾಲೇಜು ಬ್ರಿಮ್ಸ್ ಬಂತು. ಕ್ಯಾನ್ಸರ್ ಎಂದರೆ ಇಂದಿಗೂ ಅನೇಕರು ಹೈದರಾಬಾದಿಗೋ ಸೋಲಾಪುರಕ್ಕೋ ಹೋಗುತ್ತಾರೆ; ತೆಲುಗು, ಮರಾಠಿ, ಹಿಂದಿ ದಾಟಿ, ಕೊನೆಗೆ ಇಂಗ್ಲಿಷಿನ ಡಿಸ್ಚಾರ್ಜ್ ಚೀಟಿ ಹಿಡಿದು ಊರಿಗೆ ಬರುತ್ತಾರೆ. ಓದಬಲ್ಲ ಒಬ್ಬ ಹುಡುಗನ ಕೈಯಲ್ಲಿ ಇಡೀ ಮನೆಯ ಗುಟ್ಟು ಉಳಿಯುತ್ತದೆ.

ಈ ಮೌನ ಭಾರತೀಯರ ಸೊತ್ತೂ ಅಲ್ಲ. 1961ರಲ್ಲಿ ಅಮೆರಿಕದ ಡೊನಾಲ್ಡ್ ಓಕನ್ ನಡೆಸಿದ ಸಮೀಕ್ಷೆಯಲ್ಲಿ ಸುಮಾರು ಶೇ. 90ರಷ್ಟು ವೈದ್ಯರು ಕ್ಯಾನ್ಸರ್ ಎಂದು ರೋಗಿಗೆ ಹೇಳದಿರುವುದೇ ಲೇಸು ಎಂದಿದ್ದರು. ಅದೇ ಪ್ರಶ್ನೆಗಳನ್ನು ಮತ್ತೆ ಕೇಳಿದಾಗ, 1979ರಲ್ಲಿ ಪ್ರಕಟವಾದ ವರದಿಯಂತೆ, ಶೇ. 97ರಷ್ಟು ವೈದ್ಯರು ಹೇಳುವ ಪಕ್ಷದಲ್ಲಿದ್ದರು. ಅವೆರಡರ ನಡುವೆ, 1967ರಲ್ಲಿ, ಸಿಸಿಲಿ ಸಾಂಡರ್ಸ್ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದು, ದೇಹದ ನೋವಿನ ಜೊತೆಗೆ ಮನಸ್ಸಿನ, ಸಂಬಂಧಗಳ, ಆತ್ಮದ ನೋವನ್ನೂ ವೈದ್ಯರು ಕೇಳಿಸಿಕೊಳ್ಳಬೇಕೆಂದು ತೋರಿಸಿಕೊಟ್ಟಿದ್ದರು.

ಕರ್ನಾಟಕದಲ್ಲೂ ಇದರ ಅಧ್ಯಯನ ನಡೆದಿದೆ. ಬೆಂಗಳೂರಿನ ನಿಮ್ಹಾನ್ಸ್‌ನ ಸಂತೋಷ್ ಚತುರ್ವೇದಿ 1991ರಲ್ಲಿ ಪ್ರಕಟಿಸಿದ ಲೇಖನದಲ್ಲಿ, ಬದುಕಿನ ಗುಣಮಟ್ಟ ಎಂದಾಗ ಭಾರತೀಯರು ದೈಹಿಕ ಕಾರ್ಯಸಾಮರ್ಥ್ಯಕ್ಕಿಂತ ಮನಃಶಾಂತಿ ಮತ್ತು ಆಧ್ಯಾತ್ಮಿಕ ತೃಪ್ತಿಗೆ ಹೆಚ್ಚು ಬೆಲೆ ಕೊಡುವುದು ಕಂಡುಬಂತು. ಅವರೇ ಪ್ರಭಾ ಚಂದ್ರ ಮೊದಲಾದವರೊಂದಿಗೆ 2009ರಲ್ಲಿ, ವೈದ್ಯರೂ ಮನೆಯವರೂ ಸೇರಿ ರೋಗಿಯಿಂದ ನಿಜ ಮುಚ್ಚಿಡುವ ಪ್ರವೃತ್ತಿಯ ಬಗ್ಗೆ ಬರೆದರು. ಎರಡನ್ನೂ ಒಟ್ಟಿಗೆ ಓದಿದಾಗ ನನ್ನನ್ನು ಕಾಡುವುದು ಇಷ್ಟೇ: ರೋಗಿ ಅತ್ಯಂತ ಬಯಸುವ ಮನಃಶಾಂತಿಗೆ ಬೇಕಾದ ಸಿದ್ಧತೆಯ ಸಮಯವನ್ನೇ ನಾವು ಪ್ರೀತಿಯ ಹೆಸರಲ್ಲಿ ಕಿತ್ತುಕೊಳ್ಳುತ್ತಿದ್ದೇವೆ.

ಈಗ ಕಾನೂನು ಕೂಡ ಇದೇ ಪ್ರಶ್ನೆಗೆ ಬಂದು ನಿಂತಿದೆ. ಉತ್ತರ ಕನ್ನಡದ ಹಳದೀಪುರ ಮೂಲದ ನರ್ಸ್ ಅರುಣಾ ಶಾನಭಾಗ ಅವರ ದಯಾಮರಣ ಪ್ರಕರಣದ 2011ರ ತೀರ್ಪಿನಿಂದ ಆರಂಭವಾದ ಚರ್ಚೆ, ಸುಪ್ರೀಂ ಕೋರ್ಟಿನ 2018ರ ತೀರ್ಪು ಮತ್ತು 2023ರ ತಿದ್ದುಪಡಿಗಳ ಮೂಲಕ ಸಾಗಿ, 2025ರ ಜನವರಿ 30ರಂದು ಕರ್ನಾಟಕ ಸರ್ಕಾರದ ಆದೇಶವಾಯಿತು. ಫಲವಿಲ್ಲದ ಜೀವರಕ್ಷಕ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡಬಹುದು. ಇಬ್ಬರು ಸಾಕ್ಷಿಗಳ ಜೊತೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ಸಹಿ ಆಗಬೇಕು. ಮುಂದೆ ಆಸ್ಪತ್ರೆಯ ಎರಡು ವೈದ್ಯ ಮಂಡಳಿಗಳು ಪರಿಶೀಲಿಸುತ್ತವೆ. ಸಹಿ ಮಾಡುವವರಿಗೆ ತಮ್ಮ ರೋಗವೇ ಗೊತ್ತಿಲ್ಲದಿದ್ದರೆ ಈ ಹಕ್ಕು ಕಾಗದದಲ್ಲೇ ಉಳಿಯುತ್ತದೆ.

ಬೀದರ ಜಿಲ್ಲೆಯಲ್ಲಿ ಈ ಮೌನವನ್ನು ಮುರಿಯಲು ದೊಡ್ಡ ಖರ್ಚೇನೂ ಬೇಕಿಲ್ಲ. ರೋಗಿಯ ಕೇಸ್ ಪೇಪರಿನಲ್ಲಿ ಒಂದು ಪುಟ ಸೇರಿಸಿದರೆ ಸಾಕು: ರೋಗಿಗೆ ಎಷ್ಟು ಗೊತ್ತಿದೆ, ಇನ್ನೆಷ್ಟು ತಿಳಿಯಲು ಇಷ್ಟ, ಯಾವ ಭಾಷೆಯಲ್ಲಿ ಯಾರು ಹೇಳಿದರು, ಪಕ್ಕದಲ್ಲಿ ಯಾರಿರಬೇಕೆಂದು ಬಯಸುತ್ತಾರೆ. ತಿಳಿಯುವುದು ಬೇಡ ಎನ್ನುವವರೂ ಇರುತ್ತಾರೆ. ಅದನ್ನೂ ಬರೆದುಕೊಳ್ಳಬೇಕು, ಆದರೆ ಆ ಮಾತು ರೋಗಿಯ ಬಾಯಿಂದಲೇ ಬಂದಿರಬೇಕು. ಅಯ್ಯನವರೋ, ಹಾಫಿಜರೋ, ಪಾದ್ರಿಯೋ, ಭಜನಾ ಮಂಡಳಿಯೋ ಬೇಕೆಂದರೆ ಭೇಟಿಯ ಸಮಯದ ನಿಯಮ ಅವರಿಗೆ ಅಡ್ಡಬರಬಾರದು.