ಕಾಯುವ ಪಾಠ

ತರಗತಿಯ ಪಾಠಕ್ಕೆ ಬಲು ಅಲ್ಪಾಯುಸ್ಸು. ಮೇಷ್ಟರು ಬಾಯಿ ತೆರೆದಾಗ ಹುಟ್ಟುತ್ತದೆ, ಗಂಟೆ ಬಾರಿಸಿ ಕರಿಹಲಗೆ ಒರೆಸಿದರೆ ಮುಗಿಯಿತು. ಆ ಮುಕ್ಕಾಲು ಗಂಟೆ ನೀವು ಅಲ್ಲಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಾಣಂತನ, ಅತ್ತೆಯ ಕಾಯಿಲೆ, ಹೇಳದೆ ಬಂದ ನೆಂಟರು, ಇವೊಂದೂ ಅದಕ್ಕೆ ಗೊತ್ತಿಲ್ಲ. ನಮ್ಮಲ್ಲಿ ಎಷ್ಟೋ ಹೆಂಗಸರ ಓದು ಬುದ್ಧಿ ಸಾಲದೆ ನಿಂತದ್ದಲ್ಲ, ಹೊತ್ತು ಹೊಂದದೆ ನಿಂತದ್ದು. ಓಡಿಹೋಗುವ ಈ ಪಾಠವನ್ನು ಹಿಡಿದು ನಿಲ್ಲಿಸಲು ವಿಶ್ವವಿದ್ಯಾನಿಲಯಗಳು ಐವತ್ತು ವರ್ಷಕ್ಕೂ ಮಿಕ್ಕಿ ಪಟ್ಟ ಪಾಡಿನ ಕಥೆ ನನಗೆ ಬಹಳ ಹತ್ತಿರದ್ದು.

ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ಮೂಲಕ ಪಾಠ ಕಳಿಸುವ ವ್ಯವಸ್ಥೆ ಮಾಡಿತು. ಮುಂದೆ 1996ರಲ್ಲಿ ಅದೇ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಎಂಬತ್ತರ ದಶಕದಲ್ಲಿ, ನಾನು ಬಿ.ಎ.ಗೆ ಹಣ ಕಟ್ಟಿದ್ದು ಅಲ್ಲಿಗೇ. ಪೋಸ್ಟ್‌ಮನ್ ತಂದುಕೊಡುತ್ತಿದ್ದ ಪಾಠದ ಕಟ್ಟುಗಳನ್ನು ಅಕ್ಕಿ ಡಬ್ಬದ ಮೇಲಿಟ್ಟುಕೊಂಡು ಓದುತ್ತಿದ್ದೆ. ಅಚ್ಚಿನ ಪಾಠದ ದೊಡ್ಡ ಗುಣವೆಂದರೆ ಅದು ಕಾಯುತ್ತದೆ. ಹಾಲು ಉಕ್ಕಿದರೆ ಎದ್ದು ಹೋಗಿ ಬರಬಹುದು, ಬಿಟ್ಟ ಸಾಲು ಬಿಟ್ಟಲ್ಲೇ ಇರುತ್ತದೆ. ಆದರೆ ಅದಕ್ಕೆ ದನಿಯಿಲ್ಲ. ಅರ್ಥಶಾಸ್ತ್ರದ ಒಂದು ಗೆರೆ ಏಕೆ ಮೇಲಿನಿಂದ ಕೆಳಕ್ಕೆ ಬಾಗಿದೆ ಎಂದು ಬೆರಳಿಟ್ಟು ತೋರಿಸುವವರಿಲ್ಲದೆ ವಾರಗಟ್ಟಲೆ ಒದ್ದಾಡಿದ್ದೇನೆ.

ಬ್ರಿಟನ್ನಿನಲ್ಲೂ ಅದೇ 1969ರಲ್ಲಿ ಮುಕ್ತ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಕಂಡ ಕನಸನ್ನು ಹಟ ಹಿಡಿದು ನನಸು ಮಾಡಿದವಳು ಜೆನ್ನಿ ಲೀ ಎಂಬ ಮಂತ್ರಿ, ಸ್ಕಾಟ್ಲೆಂಡಿನ ಕಲ್ಲಿದ್ದಲು ಗಣಿ ಕಾರ್ಮಿಕನ ಮಗಳು. ಅಗ್ಗದ ಪದವಿಯಲ್ಲ, ಎಲ್ಲ ವಿಶ್ವವಿದ್ಯಾನಿಲಯಗಳಿಗೂ ಸಮನಾದ ಪದವಿಯೇ ಬೇಕೆಂಬುದು ಅವಳ ಪಟ್ಟು. 1971ರ ಜನವರಿಯಲ್ಲಿ ಪಾಠಗಳು ಶುರುವಾದವು. ಅಚ್ಚಿನ ಪಾಠ ಅಂಚೆಯಲ್ಲಿ, ಜೊತೆಗೆ ಬಿಬಿಸಿಯ ರೇಡಿಯೊ ಮತ್ತು ಟಿ.ವಿ.ಯಲ್ಲಿ ಉಪನ್ಯಾಸ. ಮೊದಲ ತಂಡದಲ್ಲಿ ಶಾಲಾ ಶಿಕ್ಷಕರಿದ್ದರು, ಗೃಹಿಣಿಯರಿದ್ದರು. ಮುಂದಿನ ವರ್ಷಗಳಲ್ಲಿ ಅಂಥವರಿಗೆ ಸಿಕ್ಕ ಹೊತ್ತಾದರೂ ಯಾವುದು? ಉಳಿದ ಕಾರ್ಯಕ್ರಮಗಳಿಗೆ ಬೇಡವಾದ ಮುಂಜಾವು, ಇಲ್ಲವೇ ನಡುರಾತ್ರಿಯ ಆಸುಪಾಸು! ಮನೆಯಲ್ಲೇ ಟೇಪಿಗೆ ಇಳಿಸಿಕೊಳ್ಳುವ ವಿ.ಸಿ.ಆರ್. ಆಗಿನ್ನೂ ಹೆಚ್ಚಿನ ಮನೆಗಳಲ್ಲಿ ಇರಲಿಲ್ಲ. ಕಣ್ಣುಜ್ಜಿಕೊಂಡು ಎದ್ದವರಿಗಷ್ಟೇ ಪಾಠ.

ನಮ್ಮ ದೇಶದಲ್ಲಿ ಯು.ಜಿ.ಸಿ.ಯ ‘ಕಂಟ್ರಿವೈಡ್ ಕ್ಲಾಸ್‌ರೂಮ್’ 1984ರ ಆಗಸ್ಟ್ 15ರಂದು ದೂರದರ್ಶನದಲ್ಲಿ ಆರಂಭವಾಯಿತು. ಇನ್ಸಾಟ್ ಉಪಗ್ರಹದಿಂದ ದೇಶಕ್ಕೆಲ್ಲ ಒಂದೇ ಪಾಠ. ಬಹುಪಾಲು ಇಂಗ್ಲಿಷಿನಲ್ಲಿ. ನಾನು ಪಕ್ಕದ ಮನೆಯವರ ಕಪ್ಪುಬಿಳುಪು ಟಿ.ವಿ.ಯ ಮುಂದೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಕೂರುತ್ತಿದ್ದೆ. ಅರ್ಧ ಅರ್ಥವಾಗುತ್ತಿತ್ತು, ಅರ್ಧ ಕರೆಂಟು ನುಂಗುತ್ತಿತ್ತು. ಆದರೂ ಸೂಕ್ಷ್ಮದರ್ಶಕದಲ್ಲಿ ಕಂಡ ಎಲೆಯ ಒಡಲು ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಕಷ್ಟವೇನೆಂದರೆ, ಈ ಟಿ.ವಿ.ಯ ಮೇಷ್ಟರೂ ಯಾರಿಗೂ ಕಾಯುವುದಿಲ್ಲ. ‘ಇನ್ನೊಮ್ಮೆ ಹೇಳಿ ಸಾರ್’ ಎನ್ನುವಂತಿಲ್ಲ. ತರಗತಿಯ ಗಂಟೆ ಊರು ದಾಟಿ ಮನೆಯೊಳಕ್ಕೆ ಬಂದಿತ್ತು, ಅಷ್ಟೆ.

2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಶಿಕ್ಷಣಕ್ಕೆಂದೇ ‘ಎಜುಸ್ಯಾಟ್’ ಉಪಗ್ರಹ ಹಾರಿತು. ನಮ್ಮ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ ಆ ಪ್ರಯೋಗದಲ್ಲಿ ಮೊದಲಿಗರ ಸಾಲಿನಲ್ಲಿತ್ತು. ಒಬ್ಬ ಒಳ್ಳೆಯ ಅಧ್ಯಾಪಕರ ಪಾಠ ಏಕಕಾಲಕ್ಕೆ ಹಲವು ಕಾಲೇಜುಗಳಿಗೆ! ದೊಡ್ಡ ಮಾತೇ. ಆದರೆ ಮತ್ತೆ ಅದೇ ಗಂಟೆ, ಅದೇ ಹಾಜರಿ.

ಪಾಠವನ್ನು ಚಿತ್ರೀಕರಿಸಿ ಇಟ್ಟುಕೊಂಡರಾಯಿತಲ್ಲ ಎನ್ನಬಹುದು. ಸುಲಭವಿರಲಿಲ್ಲ. ಸ್ಟುಡಿಯೊ ಬೇಕು, ದೀಪ ಬೇಕು, ಕ್ಯಾಮೆರಾದವರು, ಧ್ವನಿಯವರು, ಸಂಕಲನಕಾರರು ಬೇಕು. ಮದುವೆ ವಿಡಿಯೊ ತೆಗೆಸಿದವರಿಗೆ ಇದರ ಕಷ್ಟ ಗೊತ್ತು. 2003ರಲ್ಲಿ ಏಳು ಐ.ಐ.ಟಿ.ಗಳು ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ‘ಎನ್‌ಪಿಟೆಲ್’ ಯೋಜನೆ ಕೈಗೆತ್ತಿಕೊಂಡಾಗ, ಒಂದೊಂದು ವಿಷಯಕ್ಕೂ ಸುಮಾರು ನಲವತ್ತು ಗಂಟೆಯ ಪಾಠ ತುಂಬಿಸಬೇಕಿತ್ತು. ಒಂದು ವಿಶ್ವವಿದ್ಯಾನಿಲಯದಲ್ಲಿ ದಿನಕ್ಕೆ ನೂರಾರು ತರಗತಿ ನಡೆಯುತ್ತವೆ. ಎಲ್ಲ ಕೋಣೆಗೂ ಒಬ್ಬೊಬ್ಬ ಕ್ಯಾಮೆರಾದವರನ್ನು ಎಲ್ಲಿಂದ ತರುವುದು?

ಇದಕ್ಕೆ ಪರಿಹಾರ ಹುಡುಕಿದ್ದು ಅಮೆರಿಕ ಮತ್ತು ಯೂರೋಪಿನ ಕೆಲವು ವಿಶ್ವವಿದ್ಯಾನಿಲಯಗಳು. ಕ್ಯಾಲಿಫೋರ್ನಿಯಾದ ಬರ್ಕ್ಲಿ, ಸ್ವಿಟ್ಜರ್ಲೆಂಡಿನ ಇ.ಟಿ.ಎಚ್. ಜೂರಿಕ್, ಜರ್ಮನಿಯ ಓಸ್ನಾಬ್ರುಕ್ ಮುಂತಾದವು ತಮ್ಮ ತಮ್ಮಲ್ಲಿ ಕಟ್ಟಿಕೊಂಡಿದ್ದ ಉಪಾಯಗಳನ್ನು ಒಟ್ಟುಗೂಡಿಸಿ, ಯಾರು ಬೇಕಾದರೂ ಪುಕ್ಕಟೆ ಬಳಸಬಹುದಾದ ಒಂದು ತಂತ್ರಾಂಶವನ್ನು 2010ರಲ್ಲಿ ಹೊರತಂದವು. ಆಲ್ಪ್ಸ್ ಪರ್ವತದ ಶಿಖರವೊಂದರ ಹೆಸರಿಟ್ಟು ಅದನ್ನು ‘ಓಪನ್‌ಕಾಸ್ಟ್ ಮ್ಯಾಟರ್‌ಹಾರ್ನ್’ ಎಂದು ಕರೆದರು. ಈಗ ಬರೀ ಓಪನ್‌ಕಾಸ್ಟ್.

ಅದರ ಕೆಲಸ ನಮ್ಮ ಮನೆಗೆಲಸದಂತೆಯೇ, ಮಾಡಿದ್ದು ಕಾಣುವುದಿಲ್ಲ. ತರಗತಿಯ ಗೋಡೆಗೊಂದು ಕ್ಯಾಮೆರಾ, ಮೇಷ್ಟರ ಅಂಗಿಗೊಂದು ಮೈಕು, ಮೂಲೆಯ ಬೀರುವಿನಲ್ಲೊಂದು ಚಿಕ್ಕ ಕಂಪ್ಯೂಟರು. ವೇಳಾಪಟ್ಟಿಯನ್ನು ಅದಕ್ಕೆ ಮೊದಲೇ ತಿಳಿಸಿರುತ್ತಾರೆ. ಸೋಮವಾರ ಹತ್ತಕ್ಕೆ ರಸಾಯನಶಾಸ್ತ್ರ ಎಂದರೆ ಹತ್ತಕ್ಕೆ ಸರಿಯಾಗಿ ತಾನೇ ಎಚ್ಚರಗೊಂಡು ಮೇಷ್ಟರ ಚಿತ್ರವನ್ನೂ ಪರದೆಯ ಮೇಲಿನ ಬರಹವನ್ನೂ ಬೇರೆ ಬೇರೆಯಾಗಿ ತುಂಬಿಕೊಳ್ಳುತ್ತದೆ. ಗಂಟೆ ಮುಗಿದೊಡನೆ ನಿಲ್ಲಿಸಿ ದೊಡ್ಡ ಕಂಪ್ಯೂಟರಿಗೆ ಕಳಿಸುತ್ತದೆ. ಅಲ್ಲಿ ಎರಡೂ ಜೋಡಣೆಯಾಗಿ, ಪರದೆಯ ಪುಟ ತಿರುವಿದ ಕಡೆಯಲ್ಲೆಲ್ಲ ಗುರುತು ಬಿದ್ದು, ಬರಹದ ಪದಗಳನ್ನು ಯಂತ್ರವೇ ಓದಿಟ್ಟು, ವಿದ್ಯಾರ್ಥಿಯ ಮೊಬೈಲಿಗೂ ಮನೆಯ ಕಂಪ್ಯೂಟರಿಗೂ ಒಗ್ಗುವ ಅಳತೆಗೆ ಬರುತ್ತದೆ. ಬೇಕಾದ ಪದ ಹುಡುಕಿ ನೇರವಾಗಿ ಆ ಜಾಗಕ್ಕೇ ಹೋಗಬಹುದು. ನಿಲ್ಲಿಸಬಹುದು, ಹಿಂದಕ್ಕೆ ತಿರುಗಿಸಬಹುದು. ಅಚ್ಚಿನ ತಾಳ್ಮೆ, ಮೇಷ್ಟರ ದನಿ, ಎರಡೂ ಕೊನೆಗೆ ಒಂದಾದವು.

ಆದರೆ ಎಲ್ಲ ಯಂತ್ರವೇ ಮಾಡಿದ ಮೇಲೆ ಪಾಠ ಎಲ್ಲರಿಗೂ ತಲುಪಿತೆನ್ನಲು ಬರುವುದಿಲ್ಲ. ಬರ್ಕ್ಲಿಯದೇ ಕಥೆ ಕೇಳಿ. ವರ್ಷಗಟ್ಟಲೆ ತುಂಬಿಸಿದ ಪಾಠಗಳನ್ನು ಅದು ಲೋಕಕ್ಕೆಲ್ಲ ಉಚಿತವಾಗಿ ಇಟ್ಟಿತ್ತು. ಹೆಚ್ಚಿನವಕ್ಕೆ ಸರಿಯಾದ ಅಡಿಬರಹವಿರಲಿಲ್ಲ. ಕಿವಿ ಕೇಳದವರಿಗೆ ಅವು ಬರೀ ಬಾಯಿ ಆಡಿಸುವ ಬೊಂಬೆಗಳು. ವಾಷಿಂಗ್ಟನ್ನಿನಲ್ಲಿ ಕಿವುಡರಿಗಾಗಿಯೇ ಇರುವ ಗ್ಯಾಲಡೆಟ್ ವಿಶ್ವವಿದ್ಯಾನಿಲಯದ ಇಬ್ಬರು ನೌಕರರು ದೂರು ಕೊಟ್ಟರು. 2016ರಲ್ಲಿ ಅಮೆರಿಕದ ನ್ಯಾಯ ಇಲಾಖೆ ಅವರ ಪರವಾಗಿ ಹೇಳಿತು. ಅಡಿಬರಹ ಹಾಕುವ ಖರ್ಚಿಗೆ ಹೆದರಿ ವಿಶ್ವವಿದ್ಯಾನಿಲಯ 2017ರ ಮಾರ್ಚ್‌ನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಪಾಠಗಳನ್ನು ಸಾರ್ವಜನಿಕರಿಂದ ಹಿಂತೆಗೆಯಿತು. ಮುಂದೆ ಹೊರಗಿಡುವ ಪಾಠಗಳು ಅಂಗವಿಕಲರಿಗೂ ಎಟುಕುವಂತಿರಬೇಕೆಂಬ ಒಪ್ಪಂದಕ್ಕೆ 2022ರಲ್ಲಿ ಅದು ಬರಬೇಕಾಯಿತು. ದೂರು ಕೊಟ್ಟವರಿಂದಲೇ ಎಲ್ಲರಿಗೂ ನಷ್ಟವಾಯಿತೆಂದು ಗೊಣಗಿದವರುಂಟು. ನನಗೆ ಹಾಗನ್ನಿಸುವುದಿಲ್ಲ. ಪಂಕ್ತಿಯಲ್ಲಿ ಇಬ್ಬರಿಗೆ ಎಲೆಯನ್ನೇ ಹಾಕಿಲ್ಲವೆಂದು ನೆನಪಿಸಿದರೆ, ಎಲ್ಲರ ಎಲೆ ಎತ್ತಿಬಿಡುವುದು ಪರಿಹಾರವೇ? ಇನ್ನೆರಡು ಎಲೆ ತರಬೇಕು. ಇಂಗ್ಲಿಷ್ ಪಾಠದ ಮುಂದೆ ಬರೀ ಬಾಯಿ ನೋಡುತ್ತ ಕುಳಿತಿದ್ದ ನನಗೆ ಆ ಇಬ್ಬರ ಸಂಕಟ ತಿಳಿಯುತ್ತದೆ. ಎನ್‌ಪಿಟೆಲ್ ತನ್ನ ಹಲವು ಪಾಠಗಳನ್ನು ಕನ್ನಡಕ್ಕೂ ತರಿಸಿದೆ ಎಂದು ಕೇಳಿದಾಗ ಸಂತೋಷವಾದದ್ದು ಅದಕ್ಕೇ.

2017ರಲ್ಲಿ ಕೇಂದ್ರ ಸರ್ಕಾರದ ‘ಸ್ವಯಂ’ ಬಂತು. 2020ರಲ್ಲಿ ಕೊರೊನಾ ಬಂದು ಪ್ರತಿ ಮನೆಯೂ ತರಗತಿಯಾಯಿತು. ನನ್ನ ಸೊಸೆ ಈಗ ಮನೆಯಲ್ಲೇ ಕುಳಿತು ಎಂ.ಕಾಂ. ಓದುತ್ತಿದ್ದಾಳೆ. “ಈ ಮೇಷ್ಟರು ಒಳ್ಳೆಯವರು ಅತ್ತೆ, ಹತ್ತು ಸಲ ಹೇಳಿಸಿದರೂ ಸಿಡುಕೋದಿಲ್ಲ” ಎಂದು ನಗುತ್ತಾಳೆ. ಆದರೆ ಅವಳು ಕಿವಿಗೆ ವೈರು ಸಿಕ್ಕಿಸಿಕೊಳ್ಳುವುದು ರಾತ್ರಿ ಹನ್ನೊಂದಕ್ಕೆ, ಪಾತ್ರೆ ತೊಳೆದು, ಮಗು ಮಲಗಿದ ಮೇಲೆ. ಬ್ರಿಟನ್ನಿನ ಗೃಹಿಣಿಯರಿಗೆ ಬಿಬಿಸಿ ಕೊಟ್ಟಿದ್ದೂ ಸರಿಸುಮಾರು ಇದೇ ಹೊತ್ತಲ್ಲವೇ! ಪಾಠ ಕಾಯುವುದನ್ನು ಕಲಿಯಿತು, ಮನೆ ಇನ್ನೂ ಕಲಿತಿಲ್ಲ. ಹೋದ ತಿಂಗಳಿಂದ ಸಂಜೆ ಏಳರಿಂದ ಎಂಟೂವರೆಯವರೆಗೆ ಮಗು ನನ್ನ ಬಳಿ, ಅಡಿಗೆಮನೆ ನನ್ನ ಮಗನ ಬಳಿ ಎಂದು ಗೊತ್ತುಮಾಡಿದ್ದೇನೆ. ಸಾರಿಗೆ ಉಪ್ಪು ಒಮ್ಮೊಮ್ಮೆ ಹೆಚ್ಚಾಗುತ್ತದೆ. ಆಗಲಿ, ತಿನ್ನುತ್ತೇವೆ.