ಬನಾರಸ್ಸಿನ ಉಪನ್ಯಾಸ, ಎಡನೀರಿನ ಮೊಕದ್ದಮೆ

ವಿಶ್ವವಿದ್ಯಾಲಯಗಳ ಕಾನೂನು ವಿಭಾಗದಲ್ಲಿ ನಡೆಯುವ ಅತಿಥಿ ಉಪನ್ಯಾಸಗಳನ್ನು ನಾವು ಶಿಷ್ಟಾಚಾರದ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೇವೆ. ಸ್ವಾಗತ, ಹಾರ, ಭಾಷಣ, ವಂದನಾರ್ಪಣೆ. ಮರುದಿನ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು. ನಮ್ಮ ಸಂವಿಧಾನದ ಚರಿತ್ರೆ ಈ ಉಪೇಕ್ಷೆಯನ್ನು ಒಪ್ಪುವುದಿಲ್ಲ. 1965ರ ಫೆಬ್ರವರಿಯಲ್ಲಿ ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಡೀಟ್ರಿಚ್ ಕಾನ್ರಾಡ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಕಾನೂನು ವಿಭಾಗದಲ್ಲಿ ಮಾತನಾಡಿದರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಬರಹದಲ್ಲಿ ಕಾಣದ ಮಿತಿಗಳಿವೆಯೇ ಎಂಬುದು ಅವರ ವಿಷಯ. ಎಂಟು ವರ್ಷಗಳ ಬಳಿಕ ಸುಪ್ರೀಂ ಕೋರ್ಟ್ ಇವೆ ಎಂದಿತು. ನ್ಯಾಯಾಲಯ ತನ್ನ ಮುಂದೆ ಬಂದ ಮೊಕದ್ದಮೆಯಷ್ಟಕ್ಕೇ ಉತ್ತರಿಸಬೇಕು. ಇನ್ನೂ ಯಾರೂ ದಾವೆ ಹೂಡದ ಪ್ರಶ್ನೆಯನ್ನು ಮುಂಚಿತವಾಗಿ ಕೇಳುವ ಬಿಡುವು ಇರುವುದು ವಿಶ್ವವಿದ್ಯಾಲಯಕ್ಕೆ. ಗಣರಾಜ್ಯಕ್ಕೆ ಆ ಬಿಡುವು ಎಷ್ಟು ಅಗತ್ಯ ಎಂಬುದನ್ನು ಈ ಉಪನ್ಯಾಸದ ಕಥೆ ತೋರಿಸುತ್ತದೆ.

ಕಾನ್ರಾಡ್ ಬನಾರಸ್ಸಿನ ಸಭಿಕರ ಮುಂದಿಟ್ಟದ್ದು ಕೆಲವು ಕಲ್ಪಿತ ಸನ್ನಿವೇಶಗಳನ್ನು. ಒಂದನೇ ವಿಧಿಯನ್ನು ತಿದ್ದಿ ದೇಶವನ್ನು ತಮಿಳುನಾಡು ಮತ್ತು ಹಿಂದುಸ್ತಾನ ಎಂದು ಎರಡೇ ರಾಜ್ಯಗಳಾಗಿ ಮಾಡಬಹುದೇ? 21ನೇ ವಿಧಿಯನ್ನು ಕಿತ್ತುಹಾಕಿ, ಕಾನೂನಿನ ಅಪ್ಪಣೆಯಿಲ್ಲದೆಯೂ ಒಬ್ಬನ ಜೀವ ತೆಗೆಯಬಹುದು ಎನ್ನಬಹುದೇ? ಬಹುಮತ ಕರಗುತ್ತಿರುವ ಆಳುವ ಪಕ್ಷ, ಪ್ರಧಾನಿಯ ಸಲಹೆಯಂತೆ ನಡೆಯುವ ರಾಷ್ಟ್ರಪತಿಯ ಕೈಗೆ ತಿದ್ದುಪಡಿಯ ಅಧಿಕಾರವನ್ನೇ ವರ್ಗಾಯಿಸಬಹುದೇ? ಮೊಘಲ್ ಬಾದಶಹನನ್ನೋ ಇಂಗ್ಲೆಂಡಿನ ದೊರೆಯನ್ನೋ ಮತ್ತೆ ಪಟ್ಟಕ್ಕೆ ತರಬಹುದೇ? ಅಂದು ಇವೆಲ್ಲ ಅತಿರೇಕದಂತೆ ಕೇಳಿಸಿರಬೇಕು. ಆದರೆ ಕಾನ್ರಾಡ್ ಬಂದ ದೇಶದಲ್ಲಿ 1933ರ ಮಾರ್ಚ್‌ನಲ್ಲಿ, ಕಮ್ಯುನಿಸ್ಟ್ ಸದಸ್ಯರನ್ನು ಹೊರಗಿಟ್ಟ ಸಂಸತ್ತಿನಲ್ಲಿ, ಸಂವಿಧಾನ ಬದಲಾಯಿಸಲು ಬೇಕಾದ ಮೂರನೇ ಎರಡರಷ್ಟು ಮತ ಪಡೆದೇ ಹಿಟ್ಲರ್ ಶಾಸನ ಮಾಡುವ ಅಧಿಕಾರವನ್ನು ತನ್ನ ಸರ್ಕಾರಕ್ಕೆ ಬರೆಸಿಕೊಂಡಿದ್ದ. 1949ರ ಜರ್ಮನ್ ಮೂಲ ಕಾನೂನು ಕೆಲವು ತತ್ವಗಳನ್ನು ತಿದ್ದುಪಡಿಗೆ ಎಟುಕದಂತೆ ಇಟ್ಟದ್ದು ಆ ಅನುಭವದ ಮೇಲೆ.

ಮಾತು ಅಲ್ಲಿಗೇ ಮುಗಿಯಲಿಲ್ಲ. ಕಾನ್ರಾಡರ ಪ್ರಬಂಧ ವಕೀಲ ಎಂ.ಕೆ. ನಂಬಿಯಾರರ ಕೈ ಸೇರಿತು; ಗೋಲಕನಾಥ್ ಮೊಕದ್ದಮೆಯಲ್ಲಿ ಅವರು ಆ ವಾದವನ್ನು ಹೂಡಿದರು. 1967ರ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ಸುಬ್ಬರಾವ್, ಈ ವಾದದಲ್ಲಿ ಬಲವಿದೆ ಎಂದು ಒಪ್ಪಿಯೂ ಅದನ್ನು ನಿರ್ಣಯಿಸದೆ ಬೇರೆ ದಾರಿ ಹಿಡಿದರು. ಆಮೇಲೆ ಬಂದದ್ದು ಕಾಸರಗೋಡಿನ ಎಡನೀರು ಮಠದ ಸರದಿ. ಯಕ್ಷಗಾನವನ್ನು ಪೋಷಿಸಿದ, ಸ್ವತಃ ಹಾಡುತ್ತಿದ್ದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳದ ಭೂಸುಧಾರಣೆಯಿಂದ ಮಠದ ಜಮೀನಿಗೆ ಬಂದ ಕುತ್ತಿನ ವಿರುದ್ಧ 1970ರಲ್ಲಿ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು 68 ದಿನ ವಿಚಾರಣೆ ನಡೆಸಿ, 1973ರ ಏಪ್ರಿಲ್ 24ರಂದು ಏಳಕ್ಕೆ ಆರರ ಬಹುಮತದಿಂದ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸುವಂತಿಲ್ಲ ಎಂದರು. ನಿರ್ಣಾಯಕವಾದ ಎಚ್.ಆರ್. ಖನ್ನಾ ಅವರ ತೀರ್ಪು ಕಾನ್ರಾಡರ ಹೆಸರನ್ನೇ ಹೇಳಿ ಅವರ ನಂತರದ ಲೇಖನವೊಂದನ್ನು ಉದ್ಧರಿಸುತ್ತದೆ. ಸಂವಿಧಾನದಿಂದಲೇ ಹುಟ್ಟಿದ ತಿದ್ದುಪಡಿ ಸಂಸ್ಥೆ, ತನ್ನನ್ನು ಹೊತ್ತ ಕಂಬಗಳನ್ನೇ ಉರುಳಿಸಲಾರದು ಎಂಬುದು ಅದರ ತಾತ್ಪರ್ಯ.

ಉಪನ್ಯಾಸವಿಲ್ಲದಿದ್ದರೂ ಈ ವಿಚಾರ ಬರುತ್ತಿತ್ತು ಎನ್ನುವವರಿದ್ದಾರೆ, ಅವರ ಬಳಿ ಪುರಾವೆಯೂ ಇದೆ. 1964ರ ಸಜ್ಜನ್ ಸಿಂಗ್ ತೀರ್ಪಿನಲ್ಲೇ ನ್ಯಾಯಮೂರ್ತಿ ಮುಧೋಳ್ಕರ್, ಸಂವಿಧಾನದ ಮೂಲ ಲಕ್ಷಣವನ್ನು ಬದಲಾಯಿಸಿದರೆ ಅದನ್ನು ತಿದ್ದುಪಡಿ ಎನ್ನಬಹುದೇ ಎಂದು ಕೇಳಿದ್ದರು. ಆದರೆ ಅವರು ಸಂಶಯವನ್ನು ಎತ್ತಿ ಬಿಟ್ಟರು. ಅದು ಏಕೆ ಸರಿ ಎಂಬ ತರ್ಕವನ್ನು ಕಟ್ಟಿದ್ದು ಬನಾರಸ್ಸಿನ ಪ್ರಬಂಧ. ಇದು ಜರ್ಮನಿಯಿಂದ ತಂದ ಸರಕು ಎಂಬ ಆಕ್ಷೇಪ ಇನ್ನೂ ದುರ್ಬಲ. ಜರ್ಮನ್ ವಿಧಿ 1949ರಿಂದಲೂ ಎಲ್ಲರಿಗೂ ಓದಸಿಗುತ್ತಿತ್ತು; ಅಂಥ ಸಾಲು ನಮ್ಮ ಸಂವಿಧಾನದಲ್ಲಿ ಇಲ್ಲ. ಕಾನ್ರಾಡ್ ವಾದಿಸಿದ್ದು ನಮ್ಮ ವಿಧಿಗಳನ್ನೇ ಹಿಡಿದು. ಆಯ್ಕೆಯಾಗದ ನ್ಯಾಯಾಧೀಶರು ಆಯ್ಕೆಯಾದ ಸಂಸತ್ತನ್ನು ಕಟ್ಟಿಹಾಕುವುದು ಪ್ರಜಾಪ್ರಭುತ್ವವೇ ಎಂಬ ಪ್ರಶ್ನೆ ಮಾತ್ರ ನಿಜಕ್ಕೂ ಗಟ್ಟಿ. ಆರು ನ್ಯಾಯಮೂರ್ತಿಗಳು ಆ ಪಕ್ಷದಲ್ಲಿದ್ದರು. ಮಠದ ಭೂಮಿಯ ಪರ ನಿಂತ ಮೊಕದ್ದಮೆ ಗೇಣಿದಾರರ ಹಿತಕ್ಕೆ ಎದುರಾಗಿತ್ತು ಎಂಬುದನ್ನೂ ಮರೆಮಾಚಬೇಕಾಗಿಲ್ಲ.

ಆದರೂ ಅತಿರೇಕವೆನಿಸಿದ ಸನ್ನಿವೇಶಗಳು ಎಷ್ಟು ಬೇಗ ಎದುರಾದವು ನೋಡಿ. 1975ರ 39ನೇ ತಿದ್ದುಪಡಿ ಪ್ರಧಾನಿಯ ಚುನಾವಣೆಯನ್ನು ಕೋರ್ಟಿನ ಕೈಯಿಂದ ತಪ್ಪಿಸಿತು. ಕೇಶವಾನಂದ ತೀರ್ಪಿನ ಬಲದಿಂದಲೇ ಆ ಭಾಗ ಬಿದ್ದುಹೋಯಿತು. 1976ರಲ್ಲಿ ತೀರ್ಪು ಬಂದ ಮೊಕದ್ದಮೆಯೊಂದರಲ್ಲಿ ಅಟಾರ್ನಿ ಜನರಲ್ ನಿರೇನ್ ಡೇ, ತುರ್ತುಪರಿಸ್ಥಿತಿಯಲ್ಲಿ ಪೊಲೀಸನೊಬ್ಬ ಅಕ್ರಮವಾಗಿ ಜೀವ ತೆಗೆದರೂ ಪರಿಹಾರವಿಲ್ಲ ಎಂದು ಸುಪ್ರೀಂ ಕೋರ್ಟಿನಲ್ಲೇ ಒಪ್ಪಿಕೊಂಡರು. 21ನೇ ವಿಧಿಯನ್ನು ಕಿತ್ತುಹಾಕುವ ಪ್ರಮೇಯವೂ ಬರಲಿಲ್ಲ, ಅಮಾನತು ಸಾಕಾಯಿತು. ಅಂದು ಸರ್ಕಾರದ ವಾದವನ್ನು ಒಪ್ಪದೆ ಒಬ್ಬರೇ ಭಿನ್ನಮತ ಬರೆದವರು ಅದೇ ಖನ್ನಾ. ಅದೇ ವರ್ಷದ 42ನೇ ತಿದ್ದುಪಡಿ, ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ ಎಂದು ಸಂವಿಧಾನದಲ್ಲೇ ಬರೆಯಿತು. ಆ ವಾಕ್ಯವನ್ನು 1980ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿದ್ದು ಬೆಂಗಳೂರಿನ ಮಿನರ್ವ ಮಿಲ್ ಮೊಕದ್ದಮೆಯಲ್ಲಿ.